ವೈರಿಯನ್ನು ಉಳಿಸಿಕೊಂಡ ಸೆತ್ತೀಮಿಯೊ

ನಮ್ಮೂರು ರೊಕ್ಕಾಲ್ವೀನಾದ ಫುಟ್‌ಬಾಲ್ ಮೈದಾನ ಗುಡ್ಡದ ಓರೆಯಲ್ಲಿದೆ. ಗುಡ್ಡ ಓರೆಯಾದರೂ ಮೈದಾನ ಸಮತಟ್ಟಾಗಿಯೇ ಇದೆ ಎಂದು ಊರಿನವರು ಆಣೆಯಿಟ್ಟು ಹೇಳುತ್ತಾರೆ. ಆದರೆ ಬೆಳಿಗ್ಗೆ ನಡುವೃತ್ತದಲ್ಲಿ ಇಟ್ಟ ಚೆಂಡು ಊಟದ ಹೊತ್ತಿಗೆ ಯಾರ ಸಹಾಯವೂ ಇಲ್ಲದೆ ಕೆಳಗಿನ ಗೋಲಿನೊಳಗೆ ಹೋಗಿ ಕೂತಿರುತ್ತದೆ. ಕ್ಲಬ್ಬಿನ ಚರಿತ್ರೆಯಲ್ಲಿ ಅರ್ಧ ಗೋಲುಗಳು ಹೀಗೇ ಆದವು ಎಂದು ಹೊಳೆದಂಡೆಯ ಪೊಂತೆಫೊಸ್ಕೊ ಊರಿನವರು ಆಡಿಕೊಳ್ಳುತ್ತಾರೆ. ಉಳಿದರ್ಧ ಹೇಗಾದವು ಎಂದರೆ, ರೆಫ್ರಿ ಕಣ್ಣು ಉಜ್ಜಿಕೊಳ್ಳುತ್ತಿದ್ದಾಗ ಎನ್ನುತ್ತಾರೆ.

ಈ ಮೈದಾನದ ಬೇಲಿಗೆ ಬೆನ್ನು ಕೊಟ್ಟುಕೊಂಡು ನಿಂತಿರುವುದು ಸೆತ್ತೀಮಿಯೊ ಗಾರ್ಬೂಲ್ಯಾನ ಪಂಚರ್ ಅಂಗಡಿ. ಅರವತ್ತೆಂಟರ ಪ್ರಾಯ, ಮೋಟು ಕುತ್ತಿಗೆ, ಲಾರಿ ಟೈರಿನಂಥ ಅಂಗೈ. ದನಿ ಎಂಥದೆಂದರೆ, ಒಮ್ಮೆ ಅವನು ಬೇಲಿ ಹಿಡಿದು ‘ಆಫ್‌ಸೈಡ್’ ಎಂದು ಕೂಗಿದಾಗ ಎರಡು ಕಣಿವೆ ಆಚೆ ಹೊಲ ಉಳುತ್ತಿದ್ದ ರೈತನೊಬ್ಬ ಟ್ರ್ಯಾಕ್ಟರನ್ನು ಗಾಬರಿಯಿಂದ ಹಿಂದಕ್ಕೆ ತೆಗೆದುಕೊಂಡನಂತೆ. ಏಳನೆಯ ಮಗನಾಗಿ ಹುಟ್ಟಿದ್ದಕ್ಕೆ ಸೆತ್ತೀಮಿಯೊ ಎಂದು ಹೆಸರು. ಆರು ಜನ ಅಣ್ಣಂದಿರು ತಿಂದುಂಡು ಬಿಟ್ಟದ್ದನ್ನು ಉಂಡು ಬೆಳೆದವನಿಗೆ ಹಠವೊಂದು ಮಾತ್ರ ಯಾರೂ ಮುಟ್ಟದೆ ಇಡಿಯಾಗಿ ಸಿಕ್ಕಿತ್ತು.

ಅವನ ಹೆಂಡತಿಯ ಹೆಸರು ಅರ್ಜೆಂಟೀನಾ. ಅವಳ ಅಜ್ಜ ಆ ದೇಶದಲ್ಲಿ ಇಪ್ಪತ್ತು ವರ್ಷ ದುಡಿದು ಬಂದು, ತಂದ ದುಡ್ಡು ಖರ್ಚಾದ ಮೇಲೆ ಉಳಿದ ನೆನಪನ್ನು ಮೊಮ್ಮಗಳಿಗೆ ಇಟ್ಟಿದ್ದ. ತೊಂಬತ್ತರ ವಿಶ್ವಕಪ್ಪಿನಲ್ಲಿ, ಅದೂ ನಮ್ಮದೇ ನೆಲದಲ್ಲಿ, ಅರ್ಜೆಂಟೀನಾ ಪೆನಾಲ್ಟಿ ಹೊಡೆದು ಇಟಲಿಯನ್ನು ಮನೆಗೆ ಕಳಿಸಿತಲ್ಲ, ಅಂದಿನಿಂದ ಮುಂದಿನ ವಿಶ್ವಕಪ್ಪಿನ ತನಕ ಸೆತ್ತೀಮಿಯೊ ಹೆಂಡತಿಯ ಹೆಸರೆತ್ತಲಿಲ್ಲ. ‘ಏ ಇವಳೇ’ ಎಂದಷ್ಟೇ ಕೂಗಿದ. ಅವಳೂ ನಾಲ್ಕು ವರ್ಷ ಅವನ ತಟ್ಟೆಗೆ ಉಪ್ಪಿಲ್ಲದ ಅಡುಗೆ ಬಡಿಸಿದಳು. ಅವನಿಗೆ ಇವತ್ತಿಗೂ ರಕ್ತದೊತ್ತಡ ಇಲ್ಲದಿರುವುದು ಅದರಿಂದಲೇ ಎಂದು ಡಾಕ್ಟರರ ಅಭಿಪ್ರಾಯ.

ರೊಕ್ಕಾಲ್ವೀನಾ ಐದನೆಯ ದರ್ಜೆಯ ಲೀಗಿನಲ್ಲಿ ಆಡುತ್ತಿತ್ತು. ಆಡುತ್ತಿತ್ತು ಎನ್ನುವುದು ದಾಕ್ಷಿಣ್ಯದ ಮಾತು. ನೇರಳೆ ಅಂಗಿ ತೊಟ್ಟು ಮೈದಾನಕ್ಕೆ ಇಳಿಯುತ್ತಿತ್ತು ಎಂದರೆ ಸರಿಯಾದೀತು. ಗೆಲ್ಲುವ ಕ್ಲಬ್ ಇರುವ ದೊಡ್ಡ ಊರುಗಳವರಿಗೆ ದೇಶದ ತಂಡದ ಪಂದ್ಯ ಬಂತೆಂದರೆ ಒಂದು ವಾರ ಬಿಡುವು. ಆ ವಾರ ಅವರು ಹೆಂಡತಿಯನ್ನು ಪೇಟೆಗೆ ಕರೆದುಕೊಂಡು ಹೋಗುತ್ತಾರೆ. ರೊಕ್ಕಾಲ್ವೀನಾದಂಥ ಊರಿನವನಿಗೆ ಹಾಗಲ್ಲ. ಅವನ ಪಾಲಿಗೆ ಗೆಲ್ಲಬಹುದಾದ ತಂಡ ಇರುವುದು ಅದೊಂದೇ. ಅದಕ್ಕೇ ಇಟಲಿ ಭೂಮಿಯ ಯಾವ ಮೂಲೆಯಲ್ಲಿ ಆಡಲಿ, ಗೋಲಿನ ಹಿಂದಿನ ಕಂಬಿಗಳ ಮೇಲೆ ಯಾರೂ ಕೇಳಿರದ ಊರುಗಳ ಹೆಸರು ಬರೆದ ಬಟ್ಟೆಗಳು ಒಣಗಹಾಕಿದ ಹಾಗೆ ಸಾಲಾಗಿ ತೂಗುತ್ತಿರುತ್ತವೆ. ಅಲ್ಲಿ ಒಂದು ಕಟ್ಟುಪಾಡೂ ಇದೆ: ಕ್ಲಬ್ಬಿನ ಜಗಳ ಕ್ರೀಡಾಂಗಣದ ಗೇಟಿನಾಚೆ. ಒಳಗೆ ಹಾವು ಮುಂಗುಸಿ ಪಕ್ಕಪಕ್ಕದಲ್ಲಿ ಬಟ್ಟೆ ಕಟ್ಟಬೇಕು, ಕಚ್ಚಬಾರದು.

ಸೆತ್ತೀಮಿಯೊನ ಬಟ್ಟೆ ಆರು ಮಾರು ಉದ್ದ. ನೇರಳೆ ಬಣ್ಣ, ಬಿಳಿಯ ಅಕ್ಷರ, ಹೊಲಿಗೆ ಅರ್ಜೆಂಟೀನಾಳದು. ಬರ್ಲಿನ್‌ನಲ್ಲಿ ಇಟಲಿ ವಿಶ್ವಕಪ್ ಎತ್ತಿದ ದಿನ ರೊಕ್ಕಾಲ್ವೀನಾದ ಬಾರಿನಲ್ಲಿ ಯಾರೂ ಕಪ್ಪಿನ ಕಡೆ ನೋಡಲಿಲ್ಲ; ‘ಅಗೋ, ಎಡಗಡೆ, ಆ ಬೋಳುತಲೆಯ ಹಿಂದೆ’ ಎಂದು ಟಿವಿಗೆ ಮೂಗು ಒತ್ತಿ ಊರಿನ ಹೆಸರು ಹುಡುಕಿದರು. ಮುಂದೆ ಎರಡು ವಿಶ್ವಕಪ್‌ಗಳಿಗೆ ಇಟಲಿಗೆ ಬಾಗಿಲೇ ತೆರೆಯದೆ ಹೋದಾಗ ಸೆತ್ತೀಮಿಯೊ ಕಪ್ಪು ಟೈ ಕಟ್ಟಿಕೊಂಡು ಪಂಚರ್ ಹಾಕಿದ. ಗಿರಾಕಿಗಳು ಒಳಗೆ ಬರುವಾಗ ಟೋಪಿ ತೆಗೆದರು.

ಇಂಥವನ ಬದುಕಿಗೆ ಕಲ್ಲು ಬಿದ್ದದ್ದು ಒಂದು ಸೆಪ್ಟೆಂಬರಿನಲ್ಲಿ. ಕ್ಲಬ್ಬಿನ ಅಧ್ಯಕ್ಷ ಗ್ವಾಲ್ತಿಯೆರೊ ಮೆಂಕಾರೆಲ್ಲಿಗೆ ಶೂಗಳ ಅಟ್ಟೆ ಮಾಡುವ ಕಾರ್ಖಾನೆಯಿತ್ತು. ಅವನು ಬಾರಿನಲ್ಲಿ ಎಲ್ಲರಿಗೂ ಒಂದು ಸುತ್ತು ವೈನ್ ಹೇಳಿದ. ಅವನು ವೈನ್ ಕೊಡಿಸಿದ್ದು ಯಾರ ನೆನಪಿನಲ್ಲೂ ಇರಲಿಲ್ಲವಾದ್ದರಿಂದ ಕುಡಿಯುವ ಮೊದಲು ಎಲ್ಲರೂ ಲೋಟ ಮೂಸಿ ನೋಡಿದರು.

“ನೋಡ್ರಪ್ಪಾ,” ಎಂದ ಅಧ್ಯಕ್ಷ, “ಊರಲ್ಲಿ ಆಡೋ ವಯಸ್ಸಿನವರಿಲ್ಲ. ನಮ್ಮ ಗೋಲ್‌ಕೀಪರಿಗೆ ಇಬ್ಬರು ಮೊಮ್ಮಕ್ಕಳು. ಕೆಳಗಿನ ಪೊಂತೆಫೊಸ್ಕೊದವರ ಕಥೇನೂ ಇದೇ. ಎರಡೂ ಕ್ಲಬ್ ಸೇರಿಸಿಬಿಡೋಣ. ಹೊಸ ಹೆಸರು, ಹೊಸ ಬಣ್ಣ. ಮುಂದಿನ ತಿಂಗಳು ಎರಡೂ ಊರಲ್ಲಿ ಸದಸ್ಯರು ಕೈ ಎತ್ತಿ ಹೂಂ ಅಂದ್ರೆ ಮುಗೀತು.”

“ಹೆಸರೇನು?” ಸೆತ್ತೀಮಿಯೊ ಕೇಳಿದ.

“ಆಲ್ತಾ ವಾಲ್ಲೆ.” ಎತ್ತರದ ಕಣಿವೆ ಎಂದರ್ಥ.

“ಅದು ನೀರಿನ ಬಾಟಲಿ ಹೆಸರಲ್ವಾ? ಬಣ್ಣ?”

“ಬೂದು. ಯಾರಿಗೂ ಬೇಜಾರಾಗಬಾರದು ಅಂತ.”

“ಅಧ್ಯಕ್ಷರೇ, ಬೂದು ಬಣ್ಣದಲ್ಲಿ ಬೇಜಾರಲ್ದೆ ಇನ್ನೇನಿದೆ?” ಎಂದು ಸೆತ್ತೀಮಿಯೊ ಲೋಟ ಮೇಜಿನ ಮೇಲಿಟ್ಟು ಎದ್ದ. ಲೋಟ ತುಂಬಿಯೇ ಇತ್ತು. ಬಿಟ್ಟಿ ವೈನನ್ನು ರೊಕ್ಕಾಲ್ವೀನಾದವನೊಬ್ಬ ಬಿಟ್ಟು ಹೋದ ಎಂಬ ಸುದ್ದಿ ಅವನಿಗಿಂತ ಮೊದಲು ಮನೆ ಮುಟ್ಟಿತ್ತು.

ಪೊಂತೆಫೊಸ್ಕೊ ಎಂದರೆ ರೊಕ್ಕಾಲ್ವೀನಾದವರಿಗೆ ಎಣ್ಣೆ ಸೀಗೇಕಾಯಿ. ಮೇಲಿನವರು ಕೆಳಗಿನವರನ್ನು ಕಪ್ಪೆಗಳೆನ್ನುವರು, ಕೆಳಗಿನವರು ಮೇಲಿನವರನ್ನು ಮೇಕೆಗಳೆನ್ನುವರು. ಸೆತ್ತೀಮಿಯೊ ಹಾಸಿಗೆ ಮೇಲೆ ಕೂತು ಬಹಳ ಹೊತ್ತು ಯೋಚಿಸಿದ. ಹೆಸರು ಹೋದರೆ ಕ್ಲಬ್ ಹೋದ ಹಾಗೆ. ಕ್ಲಬ್ ಹೋದರೆ ಭಾನುವಾರ ಬರಿಯ ಸೋಮವಾರದ ಹಿಂದಿನ ದಿನ.

“ಮತ ಹಾಕೋ ವಾರಕ್ಕೆ ಸರಿಯಾಗಿ ಇಟಲಿಯ ಪಂದ್ಯ ಇದೆ, ಲ್ಯುಬ್ಲಿಯಾನಾದಲ್ಲಿ,” ಎಂದ ಹೆಂಡತಿಗೆ. “ಬಟ್ಟೆಯನ್ನ ಗೋಲಿನ ಹಿಂದೆ ನಟ್ಟನಡುವೆ ಕಟ್ತೀನಿ. ಇಡೀ ದೇಶ ನೋಡುತ್ತೆ. ಟಿವೀಲಿ ಊರಿನ ಹೆಸರು ನೋಡಿದ್ಮೇಲೂ ಅದನ್ನ ಅಳಿಸೋಕೆ ಯಾರು ಕೈ ಎತ್ತುತ್ತಾರೋ ನೋಡೇಬಿಡ್ತೀನಿ.”

“ನಮ್ಮ ಪಾಂಡಾ ಕಾರು ಚರ್ಚಿನ ತನಕ ಹೋದ್ರೇನೇ ಕೆಮ್ಮುತ್ತೆ,” ಎಂದಳು ಅರ್ಜೆಂಟೀನಾ. “ಸ್ಲೊವೇನಿಯಾ ತನಕ ಹೋಗುತ್ತಾ?”

“ತಳ್ಕೊಂಡು ಹೋಗ್ತೀನಿ.”

ತಳ್ಳಿಕೊಂಡೇ ಹೋದ ಎಂದು ಊರಿನಲ್ಲಿ ಕಥೆಯಿದೆ. ಕೊನೆಯ ಏರಿನಲ್ಲಿ ಮಾತ್ರ ಎಂಬುದು ನಿಜ. ಹೆಂಡತಿ ಕಟ್ಟಿಕೊಟ್ಟ ರೊಟ್ಟಿ ಮತ್ತು ಅದಕ್ಕೆ ಬೆಣ್ಣೆಯ ಹಾಗೆ ಸವರಿಕೊಳ್ಳುವ ಮೆದು ಸಾಸೇಜನ್ನು ಗಡಿ ದಾಟುವ ಮೊದಲೇ ಮುಗಿಸಿ, ಗೇಟು ತೆರೆಯುವ ಹೊತ್ತಿಗೆ ಮೊದಲ ಸಾಲಿನಲ್ಲಿ ನಿಂತಿದ್ದ. ಒಳಗೆ ನುಗ್ಗಿ, ಗೋಲಿನ ಹಿಂದೆ ನಟ್ಟನಡುವಿನ ಕಂಬಿಗೆ ಹಗ್ಗದ ತುದಿ ಕಟ್ಟಿದ. ಇನ್ನೊಂದು ತುದಿ ಕಟ್ಟಲು ತಿರುಗಿದರೆ ಅಲ್ಲಿ ಆಗಲೇ ಹಸಿರು ಬಟ್ಟೆಯೊಂದರ ಗಂಟು ಬಿದ್ದಿತ್ತು. ಗಂಟು ಹಾಕುತ್ತಿದ್ದವನು ದೂಯಿಲಿಯೊ ಸ್ಪಕ್ಕಾಸಾಸ್ಸಿ.

ದೂಯಿಲಿಯೊ ಪೊಂತೆಫೊಸ್ಕೊದ ನಿವೃತ್ತ ಬಸ್ ಚಾಲಕ. ರೊಕ್ಕಾಲ್ವೀನಾದವರು ಕೈ ತೋರಿಸಿದರೆ ಬಸ್ಸಿನ ವೇಗ ಹೆಚ್ಚಿಸುತ್ತಿದ್ದವನು. ಅವನ ಕೃಪೆಯಿಂದ ನಮ್ಮೂರಿನ ಒಂದು ತಲೆಮಾರು ನಡೆದೇ ಶಾಲೆ ಕಲಿಯಿತು.

“ಕೈ ತೆಗಿ, ಕಪ್ಪೆ,” ಎಂದ ಸೆತ್ತೀಮಿಯೊ.

“ಮೊದಲು ನಿನ್ನ ಕೊಂಬು ತೆಗಿ. ಮೇಕೆಗೆ ಇಷ್ಟು ದೂರ ಬಸ್ಸು ಸಿಕ್ತಾ?”

“ಬಸ್ಸು ನಂಬ್ಕೊಂಡು ಬರ್ಲಿಲ್ಲ, ಅದಕ್ಕೇ ತಲುಪಿದೆ.”

ಎರಡು ಬಟ್ಟೆಗೂ ಆಗುವಷ್ಟು ಕಂಬಿ ಅಲ್ಲಿರಲಿಲ್ಲ. ಜಗಳವಾಡುವಂತೆಯೂ ಇರಲಿಲ್ಲ. ಸುತ್ತ ನಿಂತ ಬೇರೆ ಊರುಗಳವರು ಆಗಲೇ ಹುಬ್ಬು ಗಂಟಿಕ್ಕುತ್ತಿದ್ದರು. ಕೊನೆಗೆ ಇಬ್ಬರೂ ಹಲ್ಲು ಕಚ್ಚಿಕೊಂಡು ಬಟ್ಟೆಗಳ ಅಂಚು ಮಡಚಿ, ಹೆಸರುಗಳು ಮಾತ್ರ ಕಾಣುವ ಹಾಗೆ ಒತ್ತೊತ್ತಾಗಿ ಕಟ್ಟಿದರು. ಪಂದ್ಯಕ್ಕೆ ಇನ್ನೂ ಎರಡು ಗಂಟೆ. ಮೆಟ್ಟಿಲ ಮೇಲೆ ಒಂದಾಳು ಜಾಗ ಬಿಟ್ಟು ಕೂತರು.

“ನಿಮ್ಮಲ್ಲಿ ಯಾವಾಗ ಕೈ ಎತ್ತೋದು?” ದೂಯಿಲಿಯೊನೇ ಶುರುಮಾಡಿದ.

“ಗುರುವಾರ.”

“ನಮ್ಮಲ್ಲೂ. ನೀನು ಹೂಂ ಅಂತೀಯಾ?”

“ನಿನ್ನ ಜೊತೆ ಒಂದೇ ಅಂಗಿ ಹಾಕ್ಕೊಳ್ಳೋಕಾ? ಅದಕ್ಕಿಂತ ಬೆತ್ತಲೆ ಬರ್ತೀನಿ.”

“ಅದು ಬೇಡಪ್ಪ, ಹೆಂಗಸರು ಮಕ್ಕಳು ಬರ್ತಾರೆ,” ಎಂದ ದೂಯಿಲಿಯೊ. ಹಸಿರು ಮಫ್ಲರ್ ಸರಿಮಾಡಿಕೊಂಡು, “ನಂದೂ ಇಲ್ಲ ಅಂತಾನೇ. ಆದ್ರೆ ನಮ್ಮೋರು ಮೆತ್ತಗಾಗಿದಾರೆ,” ಎಂದ.

“ನಮ್ಮೋರೂ.”

“ಒಂದು ಊರು ಬೇಡ ಅಂದ್ರೂ ಸಾಕು, ಸಂಬಂಧ ಮುರಿಯುತ್ತೆ. ಆದ್ರೆ ಬೇಡ ಅಂದ ಊರು ಹಟಮಾರಿ ಅನ್ನಿಸ್ಕೊಳ್ಳುತ್ತೆ. ಎರಡೂ ಕಡೆ ಮುರೀಬೇಕು. ನೀನು ನಿಮ್ಮೋರನ್ನ ನೋಡ್ಕೋ, ನಾನು ನಮ್ಮೋರನ್ನ.”

“ಆಯ್ತು.”

ದೂಯಿಲಿಯೊ ಕೈ ಚಾಚಿದ. ಸೆತ್ತೀಮಿಯೊ ಆ ಕೈಯನ್ನು ಸೋರುವ ಟ್ಯೂಬು ನೋಡುವ ಹಾಗೆ ತಿರುಗಿಸಿ ಮುರುಗಿಸಿ ನೋಡಿ, “ಅಷ್ಟೆಲ್ಲ ಬೇಡ,” ಎಂದ.

ಪಂದ್ಯ ಹೇಗಿತ್ತೆಂದು ಕೇಳಬೇಡಿ. ಇಟಲಿ ಎಂಬತ್ತೇಳು ನಿಮಿಷ ಚೆಂಡನ್ನು ಹಿಂದಕ್ಕೂ ಪಕ್ಕಕ್ಕೂ ದಾಟಿಸಿತು. ಚೆಂಡಿಗೇ ಆಕಳಿಕೆ ಬಂತು. ಎಂಬತ್ತೆಂಟನೆಯ ನಿಮಿಷಕ್ಕೆ ಕಾರ್ನರ್ ಸಿಕ್ಕಿತು, ಯಾರದೋ ಬೆನ್ನಿಗೆ ಬಡಿದ ಚೆಂಡು ನಾಚಿಕೊಂಡು ಗೋಲಿನೊಳಗೆ ಹೋಯಿತು. ದೇಶದ ತಂಡ ಗೋಲು ಹೊಡೆದಾಗ ಪಕ್ಕದಲ್ಲಿ ಯಾರಿದ್ದಾರೋ ಅವರನ್ನು ತಬ್ಬಿಕೊಳ್ಳುವುದು. ಇದು ಹುಟ್ಟಿದಾಗಿನಿಂದ ಕೈಗಳಿಗೆ ಬಂದಿರುವ ಪಾಠ, ತಲೆಯನ್ನು ಕೇಳಿ ಮಾಡುವುದಲ್ಲ. ಸೆತ್ತೀಮಿಯೊ ತಬ್ಬಿಕೊಂಡ. ಸುಮ್ಮನೆ ತಬ್ಬಲಿಲ್ಲ, ದೂಯಿಲಿಯೊನನ್ನು ನೆಲದಿಂದ ಎತ್ತಿ, ಕೆನ್ನೆಗೆ ಮುತ್ತು ಕೊಟ್ಟು, ಅವನ ಹಸಿರು ಮಫ್ಲರಿನಿಂದ ತನ್ನ ಕಣ್ಣು ಒರೆಸಿಕೊಂಡ. ಕ್ಯಾಮರಾದವರಿಗೆ ಅಳುವ ಮುದುಕರೆಂದರೆ ಪ್ರಾಣ. ಇಡೀ ಇಟಲಿ ನೋಡಿತು. ಹಿಂದೆ ಎರಡು ಊರುಗಳ ಹೆಸರು, ಮುಂದೆ ಒಂದೇ ಮುದ್ದೆಯಾಗಿ ಇಬ್ಬರು. ಆ ದೃಶ್ಯವನ್ನು ನಿಧಾನಗತಿಯಲ್ಲಿ ಮತ್ತೆ ತೋರಿಸಿದರು.

ಮರುದಿನ ಅವನು ಬಾರಿಗೆ ಕಾಲಿಟ್ಟಾಗ ಇಸ್ಪೀಟು ಆಡುತ್ತಿದ್ದವರು ಎಲೆಗಳನ್ನು ಕವುಚಿ ಇಟ್ಟರು. ಬಾರಿನ ಕ್ವಿಂತೊ ಎಂದಿನ ಕಾಫಿ ಕೊಟ್ಟ, ಆದರೆ ತಟ್ಟೆಯ ಮೇಲೆ ಒಂದು ಹಸಿರು ಎಲೆ ಇಟ್ಟು ಕೊಟ್ಟ.

“ಕಪ್ಪೆ ಹೇಗಿತ್ತು? ತಣ್ಣಗಿತ್ತಾ?”

“ಮುತ್ತು ಕೊಟ್ಮೇಲೆ ರಾಜಕುಮಾರ ಆಗ್ಲಿಲ್ವಾ?”

“ಅರ್ಜೆಂಟೀನಾಗೆ ಗೊತ್ತಾ ಈ ಸಂಬಂಧ?”

ಸೆತ್ತೀಮಿಯೊ ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದ. ಬಾಗಿಲಲ್ಲಿ ನಿಂತಿದ್ದ ಅಧ್ಯಕ್ಷನ ಮಾತು ಮಾತ್ರ ಒಳಗೆ ಇಳಿಯಲಿಲ್ಲ. “ಕಣ್ಣಲ್ಲಿ ನೀರು ಬಂತು ಸೆತ್ತೀಮಿಯೊ,” ಎಂದ ಗ್ವಾಲ್ತಿಯೆರೊ, ಬಹಳ ಪ್ರೀತಿಯಿಂದ. “ನೀನೇ ತಬ್ಬಿಕೊಂಡ್ಮೇಲೆ ಇನ್ನು ಕ್ಲಬ್‌ಗಳು ಮದುವೆ ಆಗೋಕೆ ಅಡ್ಡಿ ಏನು? ಗುರುವಾರ ನಾನು ಭಾಷಣ ಮಾಡಲ್ಲ. ಆ ತುಣುಕು ಹಾಕಿ ತೋರಿಸ್ತೀನಿ, ಅಷ್ಟೇ.”

ತಾನು ಊರು ಉಳಿಸಲು ಹೋಗಿ ಮುಳುಗಿಸಿ ಬಂದೆ ಎಂದು ಸೆತ್ತೀಮಿಯೊನಿಗೆ ಆಗ ಅರ್ಥವಾಯಿತು. ಬೇರೆಯವನಾಗಿದ್ದರೆ ಅಂಗಡಿ ಬಾಗಿಲು ಎಳೆದುಕೊಂಡು ಮಲಗುತ್ತಿದ್ದ. ಇವನು ಅಂಗಡಿ ಬಾಗಿಲು ಎಳೆದುಕೊಂಡು ಮನೆಮನೆ ಹತ್ತಲು ಹೊರಟ. ರೊಕ್ಕಾಲ್ವೀನಾದಲ್ಲಿ ಮನೆಮನೆ ಹತ್ತುವುದೆಂದರೆ ಹತ್ತುವುದೇ. ನೆರೆಮನೆಗೆ ಹೋಗಿಬಂದವನಿಗೆ ಅಲ್ಲಿ ಪರ್ವತಾರೋಹಿಯ ಮರ್ಯಾದೆ. ಒಂದೊಂದು ಕದ ತಟ್ಟಿದ. ಕೆಲವರು ಕಿಟಕಿ ಹಾಕಿಕೊಂಡರು. ಕೆಲವರು ಕೂರಿಸಿ ವೈನ್ ಕೊಟ್ಟು, “ನೀನು ಹೇಳೋದು ಸರಿ, ಆದ್ರೆ ಟಿವೀಲಿ ನೋಡಿದ್ವಲ್ಲ ಮಾರಾಯ,” ಎಂದರು. ಮೂರು ದಿನಕ್ಕೆ ಅವನ ಮಂಡಿಗಳು ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟತೊಡಗಿದವು. ಅವನು ಬರುವುದು ಬೀದಿ ತುದಿಗೇ ಕೇಳಿಸುತ್ತಿದ್ದುದರಿಂದ ಕಿಟಕಿ ಹಾಕಿಕೊಳ್ಳುವವರಿಗೆ ಅನುಕೂಲವೇ ಆಯಿತು.

“ಬಿಟ್ಟುಬಿಡೋ,” ಎಂದಳು ಅರ್ಜೆಂಟೀನಾ, ಅವನ ಮಂಡಿಗೆ ಬಿಸಿನೀರಿನ ಬಟ್ಟೆ ಒತ್ತುತ್ತ.

“ನೀನೂ ಸದಸ್ಯೆ. ನಿನ್ನ ಕೈ ಎತ್ತ ಕಡೆ?”

“ನನ್ನ ಕೈ ಸದ್ಯ ನಿನ್ನ ಮಂಡಿ ಮೇಲಿದೆ. ಗುರುವಾರದ್ದು ಗುರುವಾರ.”

ಗುರುವಾರ ಸಂಜೆ ಆರಕ್ಕೆ ಚರ್ಚಿನ ಪಕ್ಕದ ಸಭಾಂಗಣ ತುಂಬಿತ್ತು. ಅಧ್ಯಕ್ಷ ಹೇಳಿದ ಹಾಗೇ ಮಾಡಿದ. ಗೋಡೆಯ ಮೇಲೆ ಸೆತ್ತೀಮಿಯೊ ದೂಯಿಲಿಯೊನನ್ನು ಎತ್ತಿದ, ಮುತ್ತಿಟ್ಟ, ಕಣ್ಣೊರೆಸಿಕೊಂಡ. ಅದೂ ಮನುಷ್ಯರ ಎರಡರಷ್ಟು ದೊಡ್ಡದಾಗಿ. ಸಭೆ ಬಿದ್ದು ಬಿದ್ದು ನಕ್ಕಿತು. ಆಮೇಲೆ ಮೆತ್ತಗಾಯಿತು. ಮೆತ್ತಗಾದದ್ದೇ ಅಪಾಯ ಎಂದು ಸೆತ್ತೀಮಿಯೊನಿಗೆ ತಿಳಿಯಿತು. ಯಾರೂ ಕರೆಯದೆ ಎದ್ದುನಿಂತ. ಎರಡು ಕಣಿವೆ ದಾಟುವ ತನ್ನ ದನಿಯನ್ನು ಆ ದಿನ ಅವನು ಬಳಸಲೇ ಇಲ್ಲ. ಜನ ಕಿವಿ ಮುಂದೆ ಚಾಚಿ ಕೇಳಬೇಕಾಯಿತು.

“ತಬ್ಬಿಕೊಂಡಿದ್ದು ಹೌದು. ಇಟಲಿ ಗೋಲು ಹೊಡೆದ್ರೆ ನಾನು ಟ್ರಾಫಿಕ್ ಪೊಲೀಸನ್ನೂ ತಬ್ಬಿಕೊಳ್ತೀನಿ. ಅದು ತೊಂಬತ್ತು ನಿಮಿಷದ ಮಾತು. ಆ ಬಸ್ಸಿನೋನ ಪಕ್ಕದಲ್ಲಿ ನಾನು ಕಟ್ಟಿದ್ದು ನಮ್ಮೂರ ಹೆಸರು, ಅವನು ಕಟ್ಟಿದ್ದು ಅವನೂರ ಹೆಸರು. ಎರಡು ಇತ್ತು, ಅದಕ್ಕೇ ಅಪ್ಪುಗೆ ಆಯ್ತು. ಒಂದೇ ಆದ್ಮೇಲೆ ತಬ್ಬಿಕೊಳ್ಳೋಕೆ ಇನ್ನೊಬ್ಬ ಎಲ್ಲಿಂದ ಬರ್ತಾನೆ? ತನ್ನನ್ನ ತಾನೇ ತಬ್ಬಿಕೊಂಡೋನನ್ನ ಡಾಕ್ಟರ ಹತ್ರ ಕಳಿಸ್ತಾರೆ.”

ಯಾರೋ ನಕ್ಕರು. ಅವನು ನಗಲಿಲ್ಲ.

“ಇನ್ನೊಂದು ಕೇಳ್ತೀನಿ. ಭಾನುವಾರ ಬೇಲಿ ಹಿಡ್ಕೊಂಡು ಯಾರನ್ನ ಬೈತೀರಿ? ಬೂದು ಬಣ್ಣದೋರನ್ನಾ? ಎಪ್ಪತ್ತು ವರ್ಷದಿಂದ ಕೂಡಿಟ್ಟ ಬೈಗುಳ ನಮ್ಮದು, ಒಂದೊಂದೂ ಅಜ್ಜಂದಿರು ಕಡೆದಿದ್ದು. ಅದನ್ನೆಲ್ಲ ಎಲ್ಲಿ ಸುರೀತೀರಿ? ಮನೇಲಾ?”

ಗೋಡೆ ಬದಿಯ ಸಾಲಿನಲ್ಲಿ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಬೇಡ ಅಂದ್ರೆ ಏನಾಗುತ್ತೆ ಅದನ್ನೂ ಹೇಳು,” ಎಂದ ಅಧ್ಯಕ್ಷ. “ನಾನು ಕೈ ಬಿಡ್ತೀನಿ. ಚೆಂಡು, ಬಲೆ, ವ್ಯಾನು ನನ್ನವು. ಎಲ್ಲಕ್ಕಿಂತ ಕೆಳಗಿನ ಲೀಗಿಗೆ ಬೀಳ್ತೀರಿ. ಅದರ ಕೆಳಗೆ ಬರೀ ಮಣ್ಣು.”

“ಬೀಳ್ತೀವಿ,” ಎಂದ ಸೆತ್ತೀಮಿಯೊ. “ಬಿದ್ದಲ್ಲಿಂದ ಆಡ್ತೀವಿ. ಗೋಲ್‌ಕೀಪರ್ ಮೊಮ್ಮಕ್ಕಳು ಬೆಳೆಯೋ ತನಕ ಅವನೇ ನಿಲ್ಲಲಿ.”

ಕೈಗಳನ್ನು ಪಾದ್ರಿಗಳು ಎಣಿಸಿದರು. ಸೇರೋಣ ಎನ್ನುವವರ ಕೈಗಳು ಮೊದಲು ಎದ್ದವು, ಸಾಕಷ್ಟೇ ಎದ್ದವು. ಬೇಡ ಎನ್ನುವವರದು ಒಂದೊಂದಾಗಿ, ಅಕ್ಕಪಕ್ಕ ನೋಡಿಕೊಂಡು ಎದ್ದವು. ಆಮೇಲೆ ಗೋಡೆ ಬದಿಯ ಸಾಲಿನಲ್ಲಿ ಅರ್ಜೆಂಟೀನಾ ಕೈ ಎತ್ತಿದಳು. ಅವಳ ಹಿಂದೆಯೇ ಆ ಇಡೀ ಸಾಲು ಎತ್ತಿತು. ಪಾದ್ರಿಗಳು ಎರಡು ಸಲ ಎಣಿಸಿ, ಶಿಲುಬೆಯ ಗುರುತು ಮಾಡಿಕೊಂಡು, ಕ್ಲಬ್ ಉಳಿಯಿತು ಎಂದರು.

“ನನಗೋಸ್ಕರ ಎತ್ತಿದೆಯಲ್ಲ,” ಎಂದ ಸೆತ್ತೀಮಿಯೊ ಹೊರಗೆ ಬಂದ ಮೇಲೆ.

“ನಿನಗೋಸ್ಕರ ಯಾರು ಎತ್ತಿದ್ರು? ಭಾನುವಾರ ಇಡೀ ದಿನ ನೀನು ಮನೇಲಿದ್ರೆ ನಾನೆಲ್ಲಿಗೆ ಹೋಗ್ಲಿ?”

ಅಷ್ಟರಲ್ಲಿ ಫೋನ್ ಬಂತು. ದೂಯಿಲಿಯೊ.

“ಮುರೀತು, ನಮ್ಮ ಕಡೆ,” ಎಂದ.

“ನಮ್ಮ ಕಡೇನೂ.”

“ಸರಿ ಹಾಗಾದ್ರೆ. ಇನ್ಮೇಲೆ ನನಗೆ ಫೋನ್ ಮಾಡಬೇಡ.”

“ಮಾಡಿದ್ದು ನೀನು.”

ಅಧ್ಯಕ್ಷ ಮಾತಿಗೆ ತಪ್ಪಲಿಲ್ಲ. ಚೆಂಡು, ಬಲೆ, ವ್ಯಾನಿನ ಜೊತೆಗೆ ಸೀಟಿಯನ್ನೂ ಒಯ್ದ. ಬಲೆಗಳನ್ನು ಊರಿನ ಹೆಂಗಸರು ಆಲಿವ್ ಕಾಯಿ ಉದುರಿಸುವಾಗ ಮರದ ಕೆಳಗೆ ಹಾಸುವ ಜಾಲರಿಯಲ್ಲಿ ಹೊಲಿದರು. ಮುಂದಿನ ಹಂಗಾಮಿಗೆ, ದುಡ್ಡೂ ಇಲ್ಲದ ಆಳೂ ಇಲ್ಲದ ಎರಡೂ ಕ್ಲಬ್‌ಗಳು ಒಂದೇ ದಿನ ಎಲ್ಲಕ್ಕಿಂತ ಕೆಳಗಿನ ಲೀಗಿಗೆ ಬಂದು ಬಿದ್ದವು. ಅಲ್ಲಿ ರೆಫ್ರಿ ಒಬ್ಬನನ್ನೇ ಕಳಿಸುತ್ತಾರೆ. ಗೆರೆಯ ಪಕ್ಕ ಓಡಿ ಚೆಂಡು ಹೊರಹೋದಾಗ ಬಾವುಟ ಎತ್ತುವ ಕೆಲಸಕ್ಕೆ ಆಯಾ ಕ್ಲಬ್ಬಿನವರೇ ಒಬ್ಬೊಬ್ಬನನ್ನು ಕೊಡಬೇಕು. ರೊಕ್ಕಾಲ್ವೀನಾದಲ್ಲಿ ಓಡಬಲ್ಲವರೆಲ್ಲ ಆಗಲೇ ಅಂಗಿ ತೊಟ್ಟಿದ್ದರು. ಉಳಿದದ್ದು ಸೆತ್ತೀಮಿಯೊ ಮತ್ತು ಅವನ ಮಂಡಿಗಳು.

ಹಾಗಾಗಿ ನವೆಂಬರಿನ ಒಂದು ಭಾನುವಾರ, ಮಂಜು ಇನ್ನೂ ಕಣಿವೆ ಬಿಟ್ಟಿರದ ಹೊತ್ತಿನಲ್ಲಿ, ಅವನು ಮೈದಾನದ ಈ ಗೆರೆಯ ಮೇಲೆ ಬಾವುಟ ಹಿಡಿದು ನಿಂತಿದ್ದ. ಎದುರಿನ ಗೆರೆಯ ಮೇಲೆ ದೂಯಿಲಿಯೊ. ಇಬ್ಬರ ನಡುವೆ ಇಪ್ಪತ್ತೆರಡು ಜನ ಕೆಸರು ತುಳಿಯುತ್ತಿದ್ದರು. ಪೊಂತೆಫೊಸ್ಕೊ ಮೂರು ಗೋಲು ಹೊಡೆದಾಗಿತ್ತು. ನಮ್ಮದು ಸೊನ್ನೆ. ಬೇಲಿಯ ತುಂಬ ಜನ. ಐದನೆಯ ದರ್ಜೆಯಲ್ಲಿದ್ದಾಗಲೂ ಇಷ್ಟು ಜನ ಬಂದಿರಲಿಲ್ಲ. ಅಜ್ಜಂದಿರ ಬೈಗುಳ ಒಂದೊಂದೂ ಬಿಸಿಲು ಕಾಣುತ್ತಿತ್ತು.

ಪಂದ್ಯ ಮುಗಿಯಲು ಸ್ವಲ್ಪವೇ ಉಳಿದಿತ್ತು. ಚೆಂಡು ಸೆತ್ತೀಮಿಯೊನ ಕಾಲ ಬಳಿಯೇ ಗೆರೆ ದಾಟಿತು. ಕೊನೆಯದಾಗಿ ತಾಗಿದ್ದು ನಮ್ಮವನ ಮೊಣಕಾಲಿಗೆ. ಅದನ್ನು ಗುಡ್ಡದ ಮೇಲಿನ ಕುರಿಗಳೂ ಕಂಡವು. ರೆಫ್ರಿ ಅವನ ಕಡೆ ನೋಡಿದ. ಸೆತ್ತೀಮಿಯೊ ಒಂದು ಕ್ಷಣವೂ ತಡೆಯದೆ, ಚರ್ಚಿನ ಸಂತನಂಥ ಮುಖ ಮಾಡಿಕೊಂಡು, ಚೆಂಡು ನಮ್ಮದೆಂದು ಬಾವುಟ ಚಾಚಿದ.

ಎದುರಿನ ಗೆರೆಯಿಂದ ದೂಯಿಲಿಯೊ ಬಾವುಟವನ್ನು ನೆಲಕ್ಕೆ ಬಡಿದ. ಮೈದಾನವನ್ನು ಅಡ್ಡ ಸೀಳಿಕೊಂಡು ಬಂದ ಅವನ ಕೂಗಿಗೆ ಆಟಗಾರರೇ ಪಕ್ಕಕ್ಕೆ ಸರಿದರು.

“ಕಳ್ಳರು, ನಿಮ್ಮಜ್ಜನ ಕಾಲದಿಂದ ಕಳ್ಳರು ನೀವು, ರೊಕ್ಕಾಲ್ವೀನಾದವರು.”

ಸೆತ್ತೀಮಿಯೊ ಕೈಯನ್ನು ಕಿವಿಗೆ ಹಿಡಿದು, ಕೊನೆಯ ಹೆಸರು ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಎಂದು ಸನ್ನೆ ಮಾಡಿದ.